ಭಾನುವಾರದ ಗೋರಿ ದರ್ಶನ

ಭಾನುವಾರ ಬೆಳಿಗ್ಗೆ ಸ್ಮಶಾನಕ್ಕೆ ಹೋಗುವುದು ಬೆಂಗಳೂರಲ್ಲಿ ಈಗ ಫ್ಯಾಷನ್ನು. ಯಾರೂ ಸತ್ತಿರಬೇಕಾಗಿಲ್ಲ, ಗೈಡ್ ಜೊತೆ ಗೋರಿ ಸುತ್ತುವ ಗುಂಪಿಗೆ ದುಡ್ಡು ಕಟ್ಟಿ ಹೆಸರು ಬರೆಸಿದರೆ ಸಾಕು. ಟೋಪಿ, ಶೂ, ನೀರಿನ ಬಾಟಲಿ ಮರೀಬೇಡಿ ಅಂತ ಹಿಂದಿನ ರಾತ್ರಿಯೇ ಮೆಸೇಜ್ ಬರುತ್ತದೆ. ಪಕ್ಕದ ಮನೆಯವರು ತೀರಿಕೊಂಡಾಗ ಟ್ರಾಫಿಕ್ ಜಾಸ್ತಿ ಅಂತ ಮಣ್ಣಿಗೂ ಹೋಗದವರು, ಹೊಸೂರು ರಸ್ತೆಯ ಹಳೇ ಗೋರಿಗಳ ಮುಂದೆ ಏಳು ಗಂಟೆಗೇ ಹಾಜರ್.

ಒಂದು ಕಲ್ಲಿನ ದೇವತೆ, ಎಡಗಡೆ ರೆಕ್ಕೆ ಮುರಿದಿದೆ. ಕೆಳಗೆ ವರ್ಷ ತುಂಬದ ಮಗುವಿನ ಹೆಸರು, ಅಕ್ಷರಗಳ ಸಂದಿಯಲ್ಲಿ ಪಾಚಿ. "ಸ್ವಲ್ಪ ಈ ಕಡೆ ಬನ್ನಿ ಮೇಡಂ, ಬೆಳಕು ಚೆನ್ನಾಗಿದೆ." ಅಷ್ಟರಲ್ಲಿ ಮೇಡಂಗೆ ಊರಿಂದ ಅಮ್ಮನ ಫೋನು. ಸ್ಮಶಾನದಲ್ಲಿದ್ದೀನಿ ಅಂದ ಕೂಡಲೇ ಆ ಕಡೆಯಿಂದ, "ಅಯ್ಯೋ, ಯಾರು ಹೋದ್ರೇ?"

"ಯಾರೂ ಇಲ್ಲಮ್ಮ, ಎಲ್ಲಾ ನೂರು ವರ್ಷದ ಹಿಂದೆ ಹೋದೋರು."

"ಯಾವಾಗ್ ಹೋದ್ರೇನು, ತಲೆಗೆ ನೀರು ಹಾಕ್ಕೊಂಡೇ ಒಳಗೆ ಹೋಗು."

ಸಾವಿನ ಮನೆಯಿಂದ ಹೊರಡುವಾಗ 'ಬರ್ತೀನಿ' ಅನ್ನಬಾರದು, ಹಿರಿಯರು ಕಲಿಸಿದ್ದು. ಇಲ್ಲಿ ಗೈಡೇ 'ಮುಂದಿನ ತಿಂಗಳು ಮತ್ತೆ ಬನ್ನಿ' ಅನ್ನುತ್ತಾನೆ, ಎಲ್ಲರೂ ಖಂಡಿತ ಅನ್ನುತ್ತಾರೆ. ಸ್ಮಶಾನ ವೈರಾಗ್ಯದ ಆಯಸ್ಸು ಮಸಾಲೆ ದೋಸೆ ಟೇಬಲ್ಲಿಗೆ ಬರುವವರೆಗೆ.

ನೋಡಲಿ ಬಿಡಿ, ತಪ್ಪೇನಿಲ್ಲ. ಆದರೆ ಗೋರಿ ಕಂಡರೆ ಇಷ್ಟು ಕರಗುವ ಊರು ಸತ್ತವರನ್ನು ಇಟ್ಟುಕೊಂಡಿರುವ ರೀತಿ ನೋಡಿ. 1791ರಲ್ಲಿ ಬ್ರಿಟಿಷರ ದಂಡನಾಯಕ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಸತ್ತ ಬ್ರಿಟಿಷ್ ಅಧಿಕಾರಿಗಳನ್ನು ಹೂತದ್ದು ಕೋಟೆ ಸ್ಮಶಾನದಲ್ಲಿ. ಅದು ಈಗಿಲ್ಲ. ಎಲ್ಲಿ ಹೋಯಿತು ಅಂತ ಕೇಳಬೇಡಿ. ಕೆರೆಗಳೇ ಕಾಣೆಯಾಗುವ ಊರಲ್ಲಿ ಗೋರಿ ಯಾವ ಲೆಕ್ಕ? ಕಾರ್ಪೊರೇಷನ್ ಹತ್ತಿರ ಆ ಮುತ್ತಿಗೆಯಲ್ಲಿ ಸತ್ತವರ ನೆನಪಿಗೆ ಸೆನೊಟಾಫ್ ಅನ್ನುವ ಒಂದು ಎತ್ತರದ ಸ್ಮಾರಕ ಇತ್ತು. 1964ರಲ್ಲಿ ಅದನ್ನೂ ಕೆಡವಿದರು. ಅದರ ಹೆಸರಿನ ಸೆನೊಟಾಫ್ ರಸ್ತೆ ಈಗ ನೃಪತುಂಗ ರಸ್ತೆ. ದಂಡೆತ್ತಿ ಬಂದವರ ಗುರುತು ನಮಗ್ಯಾಕೆ, ಅಲ್ವಾ? ಸರಿ. ನಮ್ಮವರದು?

ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಸುಮಾರು 890ರ ಒಂದು ಕಲ್ಲಿದೆ. ಬೆಂಗಳೂರು ಅನ್ನುವ ಹೆಸರು ಅದರಲ್ಲಿದೆ, ಅದೂ ಬೆಂಗಳೂರ ಕಾಳಗದಲ್ಲಿ ಒಬ್ಬ ಸತ್ತ ಅಂತ ಹೇಳುವುದಕ್ಕೆ. ಅಂದರೆ ನಮ್ಮೂರಿನ ಜನನ ಪತ್ರವೇ ಇನ್ನೊಬ್ಬನ ಮರಣ ಪತ್ರ. ನೋಡಲು ಟಿಕೆಟ್ ಇಲ್ಲ, ಆದ್ದರಿಂದ ನೂಕುನುಗ್ಗಲೂ ಇಲ್ಲ. ಮಿಕ್ಕ ಊರುಗಳಲ್ಲಿ ಎಷ್ಟೋ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿವೆ, ಮೋರಿಗೆ ಚಪ್ಪಡಿಯಾಗಿವೆ. ಊರಿನ ದನ ಉಳಿಸಲು ಹೋಗಿ ಪ್ರಾಣ ಬಿಟ್ಟವನ ಎದೆ ಮೇಲೆ ಸೋಪಿನ ನೊರೆ.

ಹೆಬ್ಬಾಳದಲ್ಲಿ ಗಂಗರ ಕಾಲದ, ಸುಮಾರು 750ರ, ಕಿತ್ತಯ್ಯ ಅನ್ನುವ ವೀರನ ಕಲ್ಲು 2018ರಲ್ಲಿ ಬೆಳಕಿಗೆ ಬಂದದ್ದು ಚರಂಡಿ ಕೆಲಸದಲ್ಲಿ. ಅಲ್ಲಿಗೆ ಗೊತ್ತಾಯಿತಲ್ಲ, ನಮ್ಮ ನಿಜವಾದ ಪುರಾತತ್ವ ಇಲಾಖೆ ಅಂದರೆ ಚರಂಡಿ ಕಂಟ್ರಾಕ್ಟರು. ಆ ನಂಬಿಕೆಯಿಂದಲೇ ನಾನೂ ನಮ್ಮ ಬೀದಿಯಲ್ಲಿ ಅಗೆದಾಗಲೆಲ್ಲ ಹೋಗಿ ಬಗ್ಗಿ ನೋಡುತ್ತೇನೆ. ಗಂಗರದ್ದು ಇನ್ನೂ ಏನೂ ಸಿಕ್ಕಿಲ್ಲ. ಹೋದ ವರ್ಷ ಹೂತಿದ್ದ ಕೇಬಲ್ ಮಾತ್ರ ಸಿಕ್ಕಿದೆ, ಎರಡು ತುಂಡಾಗಿ.