ಅಂಡೋರಾ ಬಿಟ್ಟುಹೋಯಿತಲ್ಲ

ವ್ಯಾಟಿಕನ್ ಬಗೆಗಿನ ಲೇಖನ ಇಷ್ಟ ಆಯ್ತು. ಆದರೆ ‘ಇವತ್ತು ದೇಶವೊಂದರ ಮುಖ್ಯಸ್ಥರಾಗಿರುವ ಪಾದ್ರಿ ಪೋಪ್ ಒಬ್ಬರೇ’ ಅಂತ ಬರೆದಿದ್ದೀರಿ, ಅದು ಸರಿಯಲ್ಲ. ಫ್ರಾನ್ಸ್, ಸ್ಪೇನ್ ನಡುವಿನ ಗುಡ್ಡಗಳಲ್ಲಿ 468 ಚದರ ಕಿ.ಮೀ.ಯ ಅಂಡೋರಾ ಇದೆ. ಅದಕ್ಕೆ ಇಬ್ಬರು ರಾಜರು. ಒಬ್ಬರು ಉರ್ಜೆಲ್‌ನ ಬಿಷಪ್, ಇನ್ನೊಬ್ಬರು ಫ್ರಾನ್ಸಿನ ಅಧ್ಯಕ್ಷರು! ಆಳ್ವಿಕೆ ಹಂಚಿಕೊಳ್ಳುವ 1278ರ ರಾಜಿ ಒಪ್ಪಂದ ಇನ್ನೂ ನಡೆಯುತ್ತಿದೆ. ತಮಾಷೆ ಅಂದ್ರೆ, ಬಿಷಪ್ ಇರುವ ಊರು ಅಂಡೋರಾದಲ್ಲಿಲ್ಲ, ಗಡಿ ದಾಟಿ ಸ್ಪೇನಿನಲ್ಲಿದೆ. ಅವರನ್ನು ನೇಮಿಸುವುದು ಪೋಪ್. ಅಂಡೋರಾದವರು ಇಬ್ಬರಲ್ಲಿ ಯಾರಿಗೂ ಓಟು ಹಾಕುವುದಿಲ್ಲ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಅವರ ಹಳೇ ಕಪ್ಪಕಾಣಿಕೆ. ಎರಡು ವರ್ಷಕ್ಕೊಮ್ಮೆ ಬಿಷಪ್‌ಗೆ ಒಂದಿಷ್ಟು ದುಡ್ಡು, ಜೊತೆಗೆ ಕೋಳಿ, ಚೀಸ್, ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ. ನಮ್ಮಲ್ಲಿ ಗೇಣಿ ಅಳೆದ ಹಾಗೇ ಅಲ್ವಾ! 1993ರಲ್ಲಿ ಸಂವಿಧಾನ ಬಂದ ಮೇಲೆ ಅದು ನಿಂತಿತು, ಬಿಷಪ್ ಅಧಿಕಾರವೂ ಬಹುಪಾಲು ಹೆಸರಿಗಷ್ಟೇ ಉಳಿಯಿತು.

ಹಾಗಂತ ಹಿಂದಿನ ಬಿಷಪ್‌ಗಳು ಸುಮ್ನೆ ಕೂತವರಲ್ಲ. 1934ರಲ್ಲಿ ಬೋರಿಸ್ ಎಂಬ ರಷ್ಯದವನೊಬ್ಬ ಬಂದು ‘ನಾನೇ ಅಂಡೋರಾದ ರಾಜ’ ಎಂದು ಘೋಷಿಸಿಕೊಂಡ. ಕೆಲವೇ ದಿನಗಳಲ್ಲಿ ಬಿಷಪ್ ಮಾತಿನ ಮೇರೆಗೆ ಸ್ಪೇನಿನ ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು. ಅವನ ಬಗ್ಗೆಯೇ ಒಂದು ಲೇಖನ ಬರೆಯಿರಿ ಸರ್.