ಹಳೆಯ ಗೇಮ್ ಪೆಟ್ಟಿಗೆ: ಕಂಪನಿಯ ಮರುಬಿಡುಗಡೆಯನ್ನು ಕಾದು ಕೊಳ್ಳಬೇಕೆ, ಅಗ್ಗದ ಬದಲಿ ಸಾಕೆ?

ಪರ: ಮೂವತ್ತೇ ಆಟ, ಅದಕ್ಕೇ ಬೇಕು
(ಬರೆದವರು ಗದಗಿನ ಮುದ್ರಣಾಲಯವೊಂದರ ಮಾಲೀಕರು)

2016ರ ನವೆಂಬರ್ 11ರಂದು ನಾನೂ ನನ್ನ ಅಕ್ಕನ ಮಗನೂ ಸರದಿಯಲ್ಲಿ ನಿಂತಿದ್ದೆವು. ನಾನು ಗದಗಿನ ಬ್ಯಾಂಕೊಂದರ ಎದುರು, ರದ್ದಾದ ಐನೂರರ ನೋಟುಗಳನ್ನು ಹಿಡಿದುಕೊಂಡು. ಅವನು ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ಅಂಗಡಿಯ ಎದುರು, ಜಪಾನಿನ ಗೇಮ್ ಕಂಪನಿ ನಿಂಟೆಂಡೊ ತನ್ನ ಎಂಬತ್ತರ ದಶಕದ ಟಿ.ವಿ. ಗೇಮ್ ಯಂತ್ರವನ್ನು ಪುಟ್ಟದಾಗಿಸಿ ಅಂದೇ ಅಲ್ಲಿ ಮರುಬಿಡುಗಡೆ ಮಾಡಿದ ಎನ್‌ಇಎಸ್ ಕ್ಲಾಸಿಕ್‌ಗಾಗಿ. ನನಗೆ ಎರಡು ಸಾವಿರದ ಎರಡು ನೋಟು ಸಿಕ್ಕವು. ಅವನಿಗಿಂತ ಆರು ಜನ ಮುಂದಿದ್ದಾಗಲೇ ಮಾಲು ಮುಗಿಯಿತು.

ರಾತ್ರಿ ಫೋನ್ ಮಾಡಿದ. “ಮಾಮಾ, ಅರವತ್ತು ಡಾಲರ್ ಪೆಟ್ಟಿಗೆಗೆ ಆನ್‌ಲೈನ್‌ನಲ್ಲಿ ಇನ್ನೂರು ಕೇಳುತ್ತಿದ್ದಾರೆ. ತೆಗೆದುಕೊಳ್ಳಲೇ?” ಬೇಡ ಎಂದೆ. ಕಾಳಸಂತೆಯವನಿಗೆ ಕೊಡುವ ದುಡ್ಡು ಆಟ ಕಟ್ಟಿದವನಿಗೆ ಸೇರುವುದಿಲ್ಲ. ಅಂಗೈ ಮೇಲೆ ಕೂರುವ ಆ ಪೆಟ್ಟಿಗೆ ಸುಮಾರು 23 ಲಕ್ಷ ಮಾರಾಟವಾಯಿತು. ಬೇಡಿಕೆ ಇನ್ನೂ ಕುದಿಯುತ್ತಿರುವಾಗಲೇ, 2017ರ ಏಪ್ರಿಲ್‌ನಲ್ಲಿ, ಕಂಪನಿ ತಯಾರಿಕೆ ನಿಲ್ಲಿಸಿತು. ಮಾರಾಟಕ್ಕೆ ಮತ್ತೆ ಬಂದದ್ದು 2018ರ ಜೂನ್ 29ರಂದು, ಹಳೆಯ ಬೆಲೆಗೇ. ಹತ್ತೊಂಬತ್ತು ತಿಂಗಳು ಕಾದಿದ್ದೆ. ಆ ದೀಪಾವಳಿಗೆ ಅಳಿಯ ಊರಿಗೆ ಬಂದಾಗ ಅವನ ಸೂಟ್‌ಕೇಸಿನಲ್ಲಿ ಅಂಗಿಗಳ ನಡುವೆ ಅದು ಇತ್ತು. ನನ್ನ ಹೆಂಡತಿ ಮೊದಲು ಸಾಬೂನಿನ ಡಬ್ಬಿ ಎಂದುಕೊಂಡಳು.

ಅದರಲ್ಲಿರುವುದು ಮೂವತ್ತು ಆಟ. ಮೂವತ್ತೇ. ಇದನ್ನು ಕೊರತೆ ಎನ್ನುವವರಿಗೆ ನಾನು ಹೇಳುವುದಿಷ್ಟು: ಮೂವತ್ತೇ ಇರುವುದರಿಂದ ನಾವು ಆಡುತ್ತೇವೆ. ಕಳೆದ ವರ್ಷ ನನ್ನ ತಮ್ಮ ತನ್ನ ಮಕ್ಕಳಿಗೆಂದು ಹುಬ್ಬಳ್ಳಿಯಿಂದ ‘ಹತ್ತು ಸಾವಿರ ಆಟ’ ಎಂದು ಬರೆದಿದ್ದ, ಟಿ.ವಿ.ಗೆ ಸಿಕ್ಕಿಸುವ ಗೇಮ್ ಸ್ಟಿಕ್ ತಂದ. ಮಕ್ಕಳು ಮಧ್ಯಾಹ್ನವೆಲ್ಲ ಪಟ್ಟಿಯನ್ನೇ ಓದಿದರು. ಒಂದು ಆಟ ತೆರೆಯುವುದು, ಎರಡು ಸಲ ಜಿಗಿಯುವುದು, ಹೊರಗೆ ಬರುವುದು. ಒಂದೇ ಮಾರಿಯೊ ನಾನಾ ವೇಷದಲ್ಲಿ, ನಾನಾ ಹೆಸರಿನಲ್ಲಿ. ಸಂಜೆಯ ಹೊತ್ತಿಗೆ ಅವರು ಮೊಬೈಲ್‌ಗೆ ಮರಳಿದ್ದರು. ಎಲೆಯ ಮೇಲೆ ಬಡಿಸಿದ್ದನ್ನು ಉಂಡೇಳುವವನಿಗೂ ಬಫೆಯಲ್ಲಿ ತಟ್ಟೆ ಹಿಡಿದು ಸುತ್ತುವವನಿಗೂ ಇರುವ ವ್ಯತ್ಯಾಸ ಇದು. ನಮ್ಮ ಮನೆಯಲ್ಲಿ ಮಗಳು ಕರ್ಬಿಯ ಆಟವನ್ನು ಎರಡು ಬಾರಿ ಪೂರ್ತಿ ಮುಗಿಸಿದ್ದಾಳೆ, ಏಕೆಂದರೆ ಆಯ್ಕೆ ಮೂವತ್ತೇ.

ಪೆಟ್ಟಿಗೆಯಲ್ಲಿ ಕಾಂಟ್ರಾ ಎಂಬ ಆಟ ಇಲ್ಲವಲ್ಲ ಎಂದು ಗೋಳಾಡುವವರಿದ್ದಾರೆ. ಅದರ ಮುಂದಿನ ಭಾಗ ಸೂಪರ್ ಸಿ ಇದೆ. ಸಾಕು.

ಇನ್ನು ಇಂಥ ಅಗ್ಗದ ಬದಲಿಗಳಲ್ಲಿರುವ ನಕಲಿನ ಮಾತು. ಗದಗ ಮುದ್ರಣಕ್ಕೆ ಹೆಸರಾದ ಊರು. ಅಜ್ಜ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಿಂದ ನಮ್ಮದು ಇದೇ ಕಸುಬು. ಒಮ್ಮೆ ನಾವು ಹೊರತಂದ ಪರೀಕ್ಷೆಯ ಗೈಡ್ ಹದಿನೈದೇ ದಿನಗಳಲ್ಲಿ ಬೇರೊಂದು ಊರಿನಿಂದ ಅರ್ಧ ಬೆಲೆಗೆ ಬಂತು, ನಮ್ಮ ಅಚ್ಚಿನ ತಪ್ಪುಗಳ ಸಮೇತ. 43ನೇ ಪುಟದಲ್ಲಿ ನಾವು ತಲೆಕೆಳಗಾಗಿ ಅಚ್ಚು ಹಾಕಿದ್ದ ನಕ್ಷೆ ಅಲ್ಲಿಯೂ ತಲೆಕೆಳಗೇ! ಹಳೆಯ ಆಟಗಳ ಕಡತ ಹಂಚುತ್ತಿದ್ದ ಜಾಲತಾಣವೊಂದರ ಮೇಲೆ ನಿಂಟೆಂಡೊ 2018ರಲ್ಲಿ ದಾವೆ ಹೂಡಿ, 1.2 ಕೋಟಿ ಡಾಲರ್‌ಗೂ ಹೆಚ್ಚಿನ ತೀರ್ಪು ಪಡೆಯಿತೆಂದು ಓದಿದಾಗ ನನಗೆ ಒಳಗೊಳಗೇ ಖುಷಿಯಾದದ್ದು ಸುಳ್ಳಲ್ಲ. ಪುಕ್ಕಟೆ ಸಿಗುತ್ತದೆ ಎಂಬುದಷ್ಟೇ ಕಾರಣವಾದರೆ ಬಸ್ ನಿಲ್ದಾಣದಲ್ಲಿ ಮರೆತುಹೋದ ಕೊಡೆಯೂ ಪುಕ್ಕಟೆಯೇ.

ನಿಜ, ಪೆಟ್ಟಿಗೆಯಲ್ಲಿ ದೋಷಗಳಿವೆ. ಕಂಟ್ರೋಲರ್‌ನ ತಂತಿ ಮುಕ್ಕಾಲು ಮೀಟರಷ್ಟೇ. ಜಗತ್ತೆಲ್ಲ ಇದನ್ನು ಆಡಿಕೊಂಡಿತು. ಆದರೆ ಆ ತಂತಿಯ ದೆಸೆಯಿಂದ ನಾನು, ಮಗಳು, ಒಮ್ಮೊಮ್ಮೆ ಅವಳ ಅಜ್ಜಿ, ಟಿ.ವಿ.ಯ ಬುಡದಲ್ಲಿ ಚಾಪೆ ಹಾಸಿಕೊಂಡು ಒತ್ತೊತ್ತಾಗಿ ಕೂರುತ್ತೇವೆ. ಬಸ್ ನಿಲ್ದಾಣದ ಹಿಂದಿನ ವಿಡಿಯೊ ಗೇಮ್ ಅಂಗಡಿಯಲ್ಲಿ, ತಾಸಿಗೆ ಐದು ರೂಪಾಯಿ ಕೊಟ್ಟು, ನಾನು ಕೂತಿದ್ದುದೂ ಹೀಗೆಯೇ. ಬೇರೆ ಆಟ ಬೇಕೆಂದರೆ ಎದ್ದು ಹೋಗಿ ಪೆಟ್ಟಿಗೆಯ ರೀಸೆಟ್ ಗುಂಡಿ ಒತ್ತಬೇಕು. ಏಳುವ ಸೋಮಾರಿತನಕ್ಕೆ ಅದೇ ಆಟವನ್ನು ಇನ್ನೊಮ್ಮೆ ಆಡುತ್ತೇವೆ.

ಘೋಸ್ಟ್ಸ್ ಎನ್ ಗಾಬ್ಲಿನ್ಸ್ ಎಂಬ ಆಟದ ನಿಜವಾದ ಕೊನೆ ಕಾಣಬೇಕಾದರೆ ಪೂರ್ತಿ ಆಟವನ್ನು ಎರಡು ಸುತ್ತು ಗೆಲ್ಲಬೇಕು. ಕಳೆದ ಶ್ರಾವಣದಲ್ಲಿ ನಾನು ಮೊದಲನೆಯ ಸುತ್ತು ಮುಗಿಸಿದೆ.

ವಿರೋಧ: ಅಸಲಿ ನಮ್ಮೂರಿಗೆ ಬಂದೇ ಇರಲಿಲ್ಲ
(ಬರೆದವರು ಧಾರವಾಡದಲ್ಲಿ ಭೌತಶಾಸ್ತ್ರ ಉಪನ್ಯಾಸಕಿ)

ಪರವಾಗಿ ಬರೆಯುವವರು ಮೊದಲೇ ಸಿಕ್ಕಿಬಿಟ್ಟಿದ್ದರಂತೆ, ಹಾಗಾಗಿ ವಿರೋಧ ನನ್ನ ಪಾಲಿಗೆ ಬಂತು. ಕೊಟ್ಟ ಪಕ್ಷವನ್ನು ವಾದಿಸುವುದು ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ಬಂದ ಅಭ್ಯಾಸ, ವಾದಿಸುತ್ತೇನೆ.

ಮರುಬಿಡುಗಡೆಯ ಪೆಟ್ಟಿಗೆಯೊಳಗೆ ಹಳೆಯ ಯಂತ್ರವಿಲ್ಲ. ಎನ್‌ಇಎಸ್‌ನ ಜಪಾನಿ ಮೂಲವಾದ 1983ರ ಫ್ಯಾಮಿಕಾಮ್‌ನಲ್ಲಿದ್ದುದು ಸೆಕೆಂಡಿಗೆ ಸುಮಾರು 18 ಲಕ್ಷ ಬಾರಿ ಮಿಡಿಯುವ ಎಂಟು ಬಿಟ್‌ನ ಚಿಪ್. ಎನ್‌ಇಎಸ್ ಕ್ಲಾಸಿಕ್‌ನಲ್ಲಿರುವುದು ಅಗ್ಗದ ಟ್ಯಾಬ್ಲೆಟ್‌ಗಳಿಗೆ ಹೊಂದುವಂಥ ಚಿಪ್, ಅದರ ಮೇಲೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ, ಅದರ ಮೇಲೆ ಹಳೆಯ ಯಂತ್ರದಂತೆ ನಟಿಸುವ ಒಂದು ತಂತ್ರಾಂಶ. 2012ರಲ್ಲಿ 35 ಡಾಲರ್‌ಗೆ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಮಾಡುವುದೂ ಇದೇ ನಟನೆ. ಸೋನಿ ಕಂಪನಿಯ ಇಂಥದ್ದೇ ಮರುಬಿಡುಗಡೆ, 2018ರ ಪ್ಲೇಸ್ಟೇಷನ್ ಕ್ಲಾಸಿಕ್ ಅಂತೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಮುಕ್ತ ತಂತ್ರಾಂಶವನ್ನೇ ಒಳಗಿಟ್ಟುಕೊಂಡು 100 ಡಾಲರ್‌ಗೆ ಬಂತು. ತಿಂಗಳು ತುಂಬುವ ಮೊದಲೇ 60ಕ್ಕೆ ಇಳಿಯಿತು. ಅಂದು ಸರದಿಯಲ್ಲಿ ನಿಂತವರ ಮುಖ ನೆನೆದರೆ ಪಾಪ ಅನ್ನಿಸುತ್ತದೆ. ಪೆಟ್ಟಿಗೆಯನ್ನು ಗಾಜಿನ ಕಪಾಟಿನಲ್ಲಿಟ್ಟು, ನೆಂಟರು ಬಂದಾಗ ಮಾತ್ರ ಬೀಗ ತೆಗೆಯುವ ಜನ ಇವರು.

ಹಕ್ಕುಸ್ವಾಮ್ಯದ ಪ್ರಶ್ನೆಯನ್ನು ವಕೀಲರಿಗೆ ಬಿಡುತ್ತೇನೆ. ಹಳೆಯ ಯಂತ್ರಕ್ಕಾಗಿಯೇ ಈಗಲೂ ಹೊಸ ಆಟ ಬರೆದು ಮಾರುವವರಿದ್ದಾರೆ, ಅವನ್ನು ಕೊಂಡು ಆಡಬಹುದು ಎಂದಷ್ಟೇ ಹೇಳಬಲ್ಲೆ.

ಗದಗಿನ ಲೇಖಕರು ನಕಲು ನಕಲು ಎನ್ನುತ್ತಾರಂತೆ. ತೊಂಬತ್ತರ ದಶಕದಲ್ಲಿ ಧಾರವಾಡದ ನಮ್ಮ ಮನೆಯಲ್ಲಿದ್ದುದು ‘ಲಿಟ್ಲ್ ಮಾಸ್ಟರ್’, ಫ್ಯಾಮಿಕಾಮ್‌ನ ನಕಲು. ಅವರು ತಾಸಿಗೆ ಐದು ರೂಪಾಯಿ ಕೊಟ್ಟು ಆಡಿದ್ದೂ ಅಂಥದ್ದೇ ಯಾವುದೋ ಒಂದು ಎಂದು ಪಣ ಕಟ್ಟಬಲ್ಲೆ. ನಾವು ಊದಿ ಊದಿ ಸಿಕ್ಕಿಸುತ್ತಿದ್ದ ಕ್ಯಾಸೆಟ್‌ಗಳೂ ಕಳ್ಳ ಮಾಲು. ಹಾಗಾದರೆ ಅಮೆರಿಕದಿಂದ ಬಂದ ಪೆಟ್ಟಿಗೆ ಯಾರ ಬಾಲ್ಯವನ್ನು ಮರಳಿಸುತ್ತದೆ? ಅಳಿಯನ ನೆರೆಹೊರೆಯವರದ್ದನ್ನು.

ಇಷ್ಟು ಬರೆದ ಮೇಲೆ ಒಪ್ಪಿಕೊಳ್ಳಬೇಕು. ನಾನು ಮಗನಿಗೆ ಜೋಡಿಸಿಕೊಟ್ಟ ರಾಸ್ಪ್‌ಬೆರಿ ಪೈ ಮೂರು ವಾರ ಓಡಿತು. ಅವನಿಗೆ ಬೇಕಿದ್ದುದು ನನ್ನ ಕಥೆಗಳಲ್ಲಿ ಕೇಳಿದ್ದ ಬಂದೂಕಿನಿಂದ ಬಾತುಕೋಳಿ ಬೇಟೆಯಾಡುವ ಆಟ, ಡಕ್ ಹಂಟ್. ಅದು ಎನ್‌ಇಎಸ್ ಕ್ಲಾಸಿಕ್‌ನ ಮೂವತ್ತರಲ್ಲೂ ಇಲ್ಲ. ಪೈನಲ್ಲಿ ಆಟ ತೆರೆಯುತ್ತದೆ, ಹಳೆಯ ಆಟಿಕೆ ಬಂದೂಕು ಮಾತ್ರ ಕೆಲಸ ಮಾಡದು. ಕಾರಣ ಸೊಗಸಾಗಿದೆ. ಬಂದೂಕಿನಿಂದ ಏನೂ ಹೊರಡುವುದಿಲ್ಲ. ಅದರ ನಳಿಕೆಯೊಳಗೆ ಬೆಳಕನ್ನು ಗುರುತಿಸುವ ಒಂದು ಬಿಡಿಭಾಗವಿದೆ. ಕುದುರೆ ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿಯ ಚೌಕವೊಂದು ಮಿಂಚುತ್ತದೆ. ಎರಡು ಬಾತುಗಳಿದ್ದರೆ ಚೌಕಗಳು ಒಂದಾದ ಮೇಲೊಂದು. ಕತ್ತಲೆಯ ಹಿಂದೆಯೇ ಬೆಳಕು ಕಂಡರೆ ಗುರಿ ತಾಗಿತು. ಪಿಕ್ಚರ್ ಟ್ಯೂಬಿನ ಟಿ.ವಿ. ಈ ಲೆಕ್ಕಕ್ಕೆ ತಡಮಾಡದೆ ಬೆಳಗುತ್ತದೆ. ಈಗಿನ ಚಪ್ಪಟೆ ಟಿ.ವಿ. ಬಂದ ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಬಂದೂಕು ಕಾದು ಸುಮ್ಮನಾಗಿರುತ್ತದೆ.

ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನು ಎರಡು ಶನಿವಾರ ಸುತ್ತಿದೆ. ಮೂರನೆಯದರಲ್ಲಿ ಸಿಕ್ಕ 21 ಇಂಚಿನ ಟಿ.ವಿ.ಗೆ ನಾನೂರು ರೂಪಾಯಿ, ಅದನ್ನು ಧಾರವಾಡಕ್ಕೆ ತಂದ ಟಂಟಂಗೆ ಆರುನೂರು. ಅಟ್ಟದ ಮೇಲಿದ್ದ ಲಿಟ್ಲ್ ಮಾಸ್ಟರ್‌ಗೆ ಹೊಸ ಅಡಾಪ್ಟರ್ ಹಾಕಿಸಿದೆ. ಚಾನೆಲ್ ಹೊಂದಿಸುತ್ತಾ ಅರ್ಧ ತಾಸು ಕುಳಿತ ಮೇಲೆ ಮರಳಿನಂಥ ಚುಕ್ಕೆಗಳ ನಡುವೆ ಹಸಿರು ಹುಲ್ಲು ಮೂಡಿತು. ಇದು ಮರುಬಿಡುಗಡೆಯೂ ಅಲ್ಲ, ಅಗ್ಗದ ಬದಲಿಯೂ ಅಲ್ಲ, ನನ್ನ ಪಕ್ಷಕ್ಕೆ ಇದರಿಂದ ಏನೂ ಬಲ ಬರುವುದಿಲ್ಲ ಎಂದು ಗೊತ್ತು. ಟಿ.ವಿ. ಇಡಲು ಬೇರೆ ಜಾಗವಿಲ್ಲದೆ ಅದೀಗ ಅಡುಗೆಮನೆಯಲ್ಲಿದೆ. ಮಗ ಗುರಿ ತಪ್ಪಿದಾಗಲೆಲ್ಲ ಹುಲ್ಲಿನಿಂದ ನಾಯಿ ಎದ್ದು ಕಿಸಕ್ಕನೆ ನಗುತ್ತದೆ, ಒಲೆಯ ಮುಂದೆ ನಿಂತ ನಮ್ಮ ಅತ್ತೆಯೂ.