ಕಳೆದುಹೋದ ಸೊನ್ನೆ

ನಮ್ಮ ಮನೆಯಲ್ಲಿ ಒಂದು ಸರ್ವರ್ ಇದೆ. ಸರ್ವರ್ ಅಂದ ಕೂಡಲೇ ಗಾಜಿನ ಬಾಗಿಲು, ತಣ್ಣನೆಯ ಕೋಣೆ, ಸಾಲು ಸಾಲು ದೀಪ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಎರಡು ಹಾರ್ಡ್ ಡಿಸ್ಕ್ ತುರುಕಿ, ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿ, ಮಾನಿಟರು ಕೀಬೋರ್ಡು ಕಿತ್ತು, ಬಟ್ಟೆ ಬೀರುವಿನ ಪಕ್ಕದ ಸಂದಿಯಲ್ಲಿ ಕೂರಿಸಿದ್ದೇನೆ, ಅಷ್ಟೆ. ಮನೆಯವರೆಲ್ಲರ ಫೋಟೋ, ವಿಡಿಯೋ ಅದರ ಹೊಟ್ಟೆಯಲ್ಲಿವೆ. ನಾನು ಅದನ್ನು ಸರ್ವರ್ ಅನ್ನುತ್ತೇನೆ. ಹೆಂಡತಿ ‘ಆ ಗುಂಯ್ ಅನ್ನೋದು’ ಅನ್ನುತ್ತಾಳೆ. ಅದಕ್ಕೆ ಎರಡೂ ಒಪ್ಪುತ್ತದೆ.

ಒಂದು ಶನಿವಾರ ಬೆಳಿಗ್ಗೆ ಸುಮಾರು 300 ಜಿಬಿ ಫೋಟೋಗಳನ್ನು ಲ್ಯಾಪ್‌ಟಾಪಿನಿಂದ ಅದಕ್ಕೆ ಕಾಪಿ ಹಾಕಿ ಸ್ನಾನಕ್ಕೆ ಹೊರಟೆ. ವೈಫೈ ಅಲ್ಲ, ವೈರಿನಲ್ಲೇ. ಗಿಗಾಬಿಟ್ ನೆಟ್‌ವರ್ಕ್ ಕಾರ್ಡು, ಯಂತ್ರಗಳ ವೈರುಗಳನ್ನೆಲ್ಲ ಒಂದೆಡೆ ಸೇರಿಸುವ ಗಿಗಾಬಿಟ್ ಸ್ವಿಚ್ಚು. ಗಿಗಾಬಿಟ್ ಅಂದರೆ ಸೆಕೆಂಡಿಗೆ 1000 ಮೆಗಾಬಿಟ್. ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕು. ಬಂದು ನೋಡಿದರೆ ಪರದೆ ಏಳು ಗಂಟೆ ಬಾಕಿ ಅನ್ನುತ್ತಿತ್ತು. ವೇಗ ಸೆಕೆಂಡಿಗೆ 11.5 ಎಂಬಿ.

ಆ ಹನ್ನೊಂದೂವರೆ ನೋಡಿದ ತಕ್ಷಣ ನನಗೆ ಹೊಳೆಯಬೇಕಿತ್ತು. ನೆಟ್‌ವರ್ಕಿನವರು ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಕಾಪಿ ಮಾಡುವ ಪರದೆ ಬೈಟ್‌ನಲ್ಲಿ ತೋರಿಸುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಪ್ರತಿ ಪ್ಯಾಕೆಟ್ಟಿನ ಮೇಲೂ ವಿಳಾಸ ಬರೆಯುವ ಖರ್ಚು ಕಳೆದರೆ ಹನ್ನೊಂದು ಚಿಲ್ಲರೆ. ‘ನಾನು 1000 ಅಲ್ಲ, 100’ ಅಂತ ಆ ಸಂಖ್ಯೆ ಹಣೆಯ ಮೇಲೆ ಬರೆದುಕೊಂಡೇ ನಿಂತಿತ್ತು. ನಾನು ಮಾತ್ರ ಹಾರ್ಡ್ ಡಿಸ್ಕಿನ ಮೇಲೆ ಗುಮಾನಿಪಟ್ಟು ಒಂದು ಗಂಟೆ ಅದರ ನಾಡಿ ಹಿಡಿದು ಕೂತೆ. ಡಿಸ್ಕು ಗಟ್ಟಿಮುಟ್ಟಾಗಿತ್ತು.

ಆಮೇಲೆ ಐಪರ್ಫ್ ಓಡಿಸಿದೆ. ಇದು ಡಿಸ್ಕನ್ನು ಮುಟ್ಟದೆ ಎರಡು ಕಂಪ್ಯೂಟರ್‌ಗಳ ನಡುವಿನ ದಾರಿಯನ್ನಷ್ಟೇ ಅಳೆಯುತ್ತದೆ. 940ರ ಆಸುಪಾಸು ಬರಬೇಕಾದ ಕಡೆ 94 ಬಂತು. ಇನ್ನು ಉಳಿದದ್ದು ಇಥ್‌ಟೂಲ್. ಕಾರ್ಡು ಎಷ್ಟು ವೇಗಕ್ಕೆ ಒಪ್ಪಿಕೊಂಡಿದೆ ಅಂತ ಅದು ನೇರವಾಗಿ ಹೇಳಿಬಿಡುತ್ತದೆ. ಹೇಳಿತು: 100.

“ಒಂದು ಸೊನ್ನೆ ಕಳೆದುಹೋಗಿದೆ ಕಣೆ” ಅಂದೆ.

“ಸೊನ್ನೆ ತಾನೇ? ಹೋದ್ರೆ ಹೋಗ್ಲಿ ಬಿಡ್ರಿ” ಅಂದಳು ಹೆಂಡತಿ. ನನ್ನ ಮುಖ ನೋಡಿ, ಏನೋ ಪಾಪ ಅನ್ನಿಸಿರಬೇಕು, “ವೈರು ನೋಡಿದ್ರಾ?” ಅಂತ ಸೇರಿಸಿದಳು.

ಆ ವೈರು ನಾನೇ ಮಾಡಿದ್ದು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದನ್ನು ಕೊಂಡು ತರುವುದು ಸೋಮಾರಿಗಳ ಕೆಲಸ ಅಂತ ತಿಳಿದಿದ್ದ ಕಾಲದಲ್ಲಿ ಕ್ರಿಂಪಿಂಗ್ ಟೂಲ್ ತಂದು, ಎಂಟು ಎಳೆಗಳನ್ನು ಬಣ್ಣದ ಪ್ರಕಾರ ಜೋಡಿಸಿ, ಕಣ್ಣು ಕಿರಿದು ಮಾಡಿಕೊಂಡು ಪ್ಲಗ್ಗಿಗೆ ತೂರಿಸಿ, ಕಟಕ್ ಅಂತ ಒತ್ತಿದ್ದು. ಮೂರು ಪ್ಲಗ್ ಹಾಳಾದ ಮೇಲೆ ನಾಲ್ಕನೆಯದು ಕೂತಿತ್ತು. ಅಂಥದ್ದರ ಮೇಲೆ ಸಂಶಯ ಅಂದರೆ ಹೆತ್ತ ಮಗುವಿನ ಮೇಲೆ ಸಂಶಯಪಟ್ಟ ಹಾಗೆ. ಆದರೂ ನ್ಯಾಯ ಎಲ್ಲರಿಗೂ ಒಂದೇ ಇರಬೇಕಲ್ವಾ ಅಂತ ವೈರುಗಳ ಡಬ್ಬ ಇಳಿಸಿದೆ.

ಆ ಡಬ್ಬದ ಬಗ್ಗೆ ಎರಡು ಮಾತು ಹೇಳಲೇಬೇಕು. ಅದರಲ್ಲಿ ಇಲ್ಲದ ವೈರಿಲ್ಲ. ಯಾವ ಯಂತ್ರದ್ದೆಂದು ಗೊತ್ತಿಲ್ಲದ ಚಾರ್ಜರು, ಯಂತ್ರವೇ ಸತ್ತುಹೋದ ಕೇಬಲ್ಲು, ಎರಡೂ ಕಡೆ ಒಂದೇ ಥರ ಇದ್ದು ಎಲ್ಲಿಗೂ ಹೊಂದದ ಏನೋ ಒಂದು. ತಡಕಾಡಿದ ಮೇಲೆ ಒಂದು ಬೂದು ಬಣ್ಣದ ನೆಟ್‌ವರ್ಕ್ ಕೇಬಲ್ ಸಿಕ್ಕಿತು. ಅದರ ನಡುಮಧ್ಯದಲ್ಲಿ ಬಿಗಿಯಾಗಿ ಒಂದು ಗಂಟು. ‘ವೈರನ್ನು ಹೀಗೆ ಗಂಟು ಹಾಕಿ ಇಡ್ತಾರಾ, ಮರ್ಯಾದೆ ಬೇಡ್ವಾ’ ಅಂತ ಗೊಣಗುತ್ತಾ ಉಗುರು ನೋಯುವಷ್ಟು ಹೊತ್ತು ಕೂತು ಬಿಚ್ಚಿದೆ. ಸರ್ವರಿಗೆ ಸಿಕ್ಕಿಸಿದೆ. ಇಥ್‌ಟೂಲ್ ಮತ್ತೆ 100 ಅಂದಿತು.

“ನೋಡು, ವೈರಲ್ಲ” ಅಂದೆ. ನನ್ನ ಕೈಯ ವೈರನ್ನು ಗೌರವಪೂರ್ವಕವಾಗಿ ಮರಳಿ ಅದರ ಜಾಗದಲ್ಲಿ ಕೂರಿಸಿದೆ. ಅಲ್ಲಿಂದ ನಾಲ್ಕು ದಿನ ನಾನು ಮಾಡಿದ್ದನ್ನೆಲ್ಲ ಬುದ್ಧಿವಂತರು ಮಾತ್ರ ಮಾಡುತ್ತಾರೆ.

ಮೊದಲು ಸಿಸ್ಟಂ ಬರೆದಿಟ್ಟುಕೊಳ್ಳುವ ದಿನಚರಿ, ಅಂದರೆ ಲಾಗ್ ತೆಗೆದೆ. ಸಾವಿರಾರು ಸಾಲು. ನಾನು ಕೆಂಪಕ್ಷರದ ಸಾಲುಗಳನ್ನಷ್ಟೇ ಹುಡುಕಿದೆ, ಅಪರಾಧ ಯಾವಾಗಲೂ ಕೆಂಪಗಿರುತ್ತದೆ ಅನ್ನುವ ನಂಬಿಕೆಯಿಂದ. ಕೆಂಪು ಸಿಗಲಿಲ್ಲ. ಈ ಲಾಗಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಬರದೆ ಬೇರೆ ದಾರಿಯಿಲ್ಲ.

ಆಮೇಲೆ ಅನ್ನಿಸಿತು, ಈ ಕಾರ್ಡಿಗೆ 1000ಕ್ಕೆ ಹೋಗು ಅಂತ ನಾನೇ ಯಾಕೆ ಗದರಿಸಬಾರದು? ಸಾಮಾನ್ಯವಾಗಿ ವೈರಿನ ಎರಡು ತುದಿಯ ಯಂತ್ರಗಳು ತಾವೇ ಮಾತಾಡಿಕೊಳ್ಳುತ್ತವೆ. ಆಟೋ ನೆಗೋಷಿಯೇಷನ್ ಅಂತಾರೆ. ನಿನಗೆಷ್ಟು ಆಗುತ್ತೆ, ನನಗಿಷ್ಟು ಆಗುತ್ತೆ ಅಂತ ಕೇಳಿಕೊಂಡು, ಇಬ್ಬರಿಗೂ ಆಗುವ ಅತಿ ಹೆಚ್ಚಿನ ವೇಗಕ್ಕೆ ಒಪ್ಪಂದ. ತಾಮ್ರದ ವೈರಿನ ಗಿಗಾಬಿಟ್‌ಗೆ ಈ ಮಾತುಕತೆ ಬೇಕೇ ಬೇಕು. ಯಾಕೆಂದರೆ ಅಲ್ಲಿ ತಾಳ ಹಾಕುವವರು ಯಾರು, ತಾಳಕ್ಕೆ ಹೆಜ್ಜೆ ಹಾಕುವವರು ಯಾರು ಅನ್ನುವುದೂ ಆಗಲೇ ತೀರ್ಮಾನವಾಗಬೇಕು. ನಾನು ಮಾತುಕತೆಯನ್ನು ರದ್ದು ಮಾಡಿ, 1000 ಅಂತ ಅಪ್ಪಣೆ ಕೊಟ್ಟು ಎಂಟರ್ ಒತ್ತಿದೆ. ಎಷ್ಟೋ ಕಾರ್ಡುಗಳು ಇಂಥ ಅಪ್ಪಣೆಯನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ನನ್ನದು ವಿನಯವಂತ. ಹೇಳಿದ ಹಾಗೆ ಮಾಡಿತು. ಲಿಂಕ್ ಬಿದ್ದುಹೋಯಿತು.

ಇಲ್ಲೊಂದು ಸಣ್ಣ ವಿಷಯ ಹೇಳಬೇಕು. ಆ ಅಪ್ಪಣೆಯನ್ನು ನಾನು ಕೊಟ್ಟಿದ್ದು ಲ್ಯಾಪ್‌ಟಾಪಿನಿಂದ, ಎಸ್‌ಎಸ್‌ಎಚ್ ಮೂಲಕ, ಅಂದರೆ ದೂರದಿಂದಲೇ ಇನ್ನೊಂದು ಯಂತ್ರಕ್ಕೆ ಅಪ್ಪಣೆ ಕೊಡುವ ಸಾಧನದಿಂದ, ಅದೇ ವೈರಿನ ಮೇಲೆ. ಕೂತ ಕೊಂಬೆ ಕಡಿಯುವವನ ಕಥೆ ಕೇಳಿ ನಗುತ್ತಿದ್ದೆ. ಅವನ ಕೈಯಲ್ಲಿ ಕೊಡಲಿಯಾದರೂ ಇತ್ತು, ಯಾರಾದರೂ ನೋಡಿ ತಡೆಯಬಹುದಿತ್ತು. ನನ್ನದು ಒಂದೇ ಸಾಲು.

ಸರ್ವರಿಗೆ ಪರದೆ ಇಲ್ಲ. ಹಾಗಾಗಿ ನಾನೂ ಮಗಳೂ ಸೇರಿ ಗೋಡೆಯ ಮೇಲಿದ್ದ ಟಿವಿಯನ್ನು ಇಳಿಸಿ, ಮಂಚದ ಮೇಲೆ ಮಲಗಿಸಿ, ಹತ್ತಿರ ತಂದೆವು. ತಂದ ಮೇಲೆ ಗೊತ್ತಾಯಿತು, ಸರ್ವರಿನಲ್ಲಿ ಇರುವುದು ಹಳೇ ಕಾಲದ ನೀಲಿ ವಿಜಿಎ ಕಿಂಡಿ, ಟಿವಿಯಲ್ಲಿ ಇರುವುದು ಎಚ್‌ಡಿಎಂಐ. ಇಬ್ಬರೂ ಎದುರಾಬದುರು ಮಲಗಿದ್ದರೂ ಮಾತಿಲ್ಲ.

“ಅಪ್ಪಾ, ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ?” ಅಂದಳು ಮಗಳು.

ಹತ್ತು ವರ್ಷದ ಹುಡುಗಿಗೆ ಸರ್ವರ್ ಬಗ್ಗೆ ಏನು ಗೊತ್ತು ಅಂತ ನಕ್ಕೆ. ಆಮೇಲೆ ನೆನಪಾಯಿತು, ಇಥ್‌ಟೂಲ್‌ನಲ್ಲಿ ಕೊಟ್ಟ ಅಪ್ಪಣೆ ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ. ಗುಂಡಿ ಒತ್ತಿದೆ. ಎರಡು ನಿಮಿಷದಲ್ಲಿ ಸರ್ವರ್ ಎದ್ದು ಕೂತು, ಏನೂ ಆಗಿಲ್ಲವೆಂಬಂತೆ 100ಕ್ಕೆ ಹಾಜರಾಯಿತು. ಟಿವಿಯನ್ನು ಮತ್ತೆ ಗೋಡೆಗೇರಿಸಲು ಮಾತ್ರ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ, ಗಿಗಾಬಿಟ್ ಇದ್ದಿದ್ದರೆ, 300 ಜಿಬಿ ಕಾಪಿ ಆಗಿರುತ್ತಿತ್ತು.

ಸ್ವಿಚ್ಚಿನ ಪೋರ್ಟ್ ಬದಲಿಸಿದೆ. ಸ್ವಿಚ್ಚನ್ನೇ ಎಂಟು ಸಲ ಆಫ್ ಆನ್ ಮಾಡಿದೆ. ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್ ಬದಲಿಸಿದೆ. ಯಾವುದಕ್ಕೂ ಜಗ್ಗಲಿಲ್ಲ. ಸೋಮವಾರ ಆಫೀಸಿನಲ್ಲಿ ಕಾರ್ಡೇ ಹೋಗಿರಬೇಕು ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಗೆಳೆಯನೊಬ್ಬ ತನ್ನ ಹತ್ತಿರ ಸುಮ್ನೆ ಬಿದ್ದಿದ್ದ ಕಾರ್ಡೊಂದನ್ನು ಕೊಟ್ಟ. ಜೊತೆಗೆ ಒಂದು ಹಳೇ ಮಾನಿಟರನ್ನೂ ಕೊಟ್ಟ. ಟಿವಿ ಕಥೆ ಅವನಿಗೆ ಅಷ್ಟು ಹಿಡಿಸಿತ್ತು.

ಮಂಗಳವಾರ ರಾತ್ರಿ ಹೊಸ ಕಾರ್ಡ್ ಕೂರಿಸಿದೆ. ಈ ಸಲ ಸರ್ವರ್ ನೆಟ್‌ವರ್ಕಿಗೇ ಬರಲಿಲ್ಲ. ಕಾರಣ ಕೇಳಿ. ಲಿನಕ್ಸಿನಲ್ಲಿ ಹಿಂದೆ ಕಾರ್ಡುಗಳಿಗೆ ಇಥ್0, ಇಥ್1 ಅಂತ ಮುದ್ದಾದ ಹೆಸರುಗಳಿದ್ದವು. 2013ರಲ್ಲಿ, ಲಿನಕ್ಸಿನ ಒಳಗಿನ ವ್ಯವಸ್ಥೆ ನೋಡಿಕೊಳ್ಳುವ ಸಿಸ್ಟಂಡಿ ಅನ್ನುವ ತಂತ್ರಾಂಶದವರು ಹೊಸ ಪದ್ಧತಿ ತಂದರು. ಕಾರ್ಡು ಕಂಪ್ಯೂಟರಿನೊಳಗೆ ಯಾವ ಬಸ್ಸಿನ (ಭಾಗಗಳನ್ನು ಜೋಡಿಸುವ ದಾರಿಗೆ ಬಸ್ ಅಂತಾರೆ) ಯಾವ ಸ್ಲಾಟಿನಲ್ಲಿ ಕೂತಿದೆ ಅನ್ನುವುದನ್ನು ನೋಡಿ ಹೆಸರಿಡುವ ಪದ್ಧತಿ. ‘ಮೊದಲೇ ಊಹಿಸಬಹುದಾದ ಹೆಸರು’ ಅನ್ನುವುದು ಅದರ ಬಿರುದು. ಹಳೇ ಕಾರ್ಡು ಇಎನ್‌ಪಿ3ಎಸ್0 ಆಗಿತ್ತು. ನನ್ನ ಸೆಟ್ಟಿಂಗುಗಳೆಲ್ಲ ಆ ಹೆಸರಿಗೇ ಬರೆದಿದ್ದವು. ಹೊಸದನ್ನು ಕೂರಿಸಿದ್ದೇ ತಡ, ಬಸ್ಸಿನ ಲೆಕ್ಕ ಒಂದು ಮುಂದೆ ಸರಿದು, ಹಳೆಯದು ಇಎನ್‌ಪಿ4ಎಸ್0 ಆಗಿ, ಅದರ ಹಳೇ ಹೆಸರನ್ನು ಹೊಸದು ಹೊತ್ತುಕೊಂಡು ಕೂತಿತ್ತು. ನಾನು ವೈರನ್ನು ಒಂದಕ್ಕೆ ಚುಚ್ಚುತ್ತೇನೆ, ಸೆಟ್ಟಿಂಗು ಇನ್ನೊಂದಕ್ಕೆ ಸೇರುತ್ತದೆ ಅನ್ನುವ ಅವಾಂತರ. ರಾತ್ರಿ ಒಂದು ಗಂಟೆಗೆ, ಗೆಳೆಯನ ಮಾನಿಟರಿನ ಹಳದಿ ಬೆಳಕಿನಲ್ಲಿ, ಯಾರು ಯಾರು ಅನ್ನುವುದು ಇತ್ಯರ್ಥವಾಯಿತು.

ಹೊಸ ಕಾರ್ಡಿನ ವೇಗ? 100.

ಬುಧವಾರ ಸಂಜೆ ಬೀರು ಸರಿಸಿ, ನೆಲದ ಮೇಲೆ ಕಾಲು ಚಾಚಿ ಕೂತು, ಇಡೀ ಸಿಸ್ಟಂ ಅಳಿಸಿ ಹೊಸದಾಗಿ ಹಾಕುವುದೇ ಸರಿ ಅಂತ ಯೋಚಿಸುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು, “ಟಿವಿಗೆ ಹಾಕಿರೋ ವೈರನ್ನ ಹಾಕಿ ನೋಡಿದ್ರಾ?” ಅಂದಳು.

“ವೈರು ಶನಿವಾರವೇ ನೋಡಿಯಾಯ್ತು ಕಣೆ. ಎರಡೆರಡು ವೈರು.”

ಮಗಳು ಅಷ್ಟರಲ್ಲಿ ಟಿವಿ ಹಿಂದಿನಿಂದ ವೈರು ಕಿತ್ತು ತಂದಿದ್ದಳು. “ಹೇಗಿದ್ರೂ ನಾಲ್ಕು ದಿನದಿಂದ ಟಿವಿ ನಡೀತಾನೇ ಇಲ್ಲ” ಅಂತ ನನ್ನ ಕೈಗೆ ಕೊಟ್ಟಳು. ಮಕ್ಕಳ ಮನಸ್ಸು ಯಾಕೆ ನೋಯಿಸಬೇಕು ಅಂತ ಸಿಕ್ಕಿಸಿದೆ. ನಾಲ್ಕು ದಿನದಿಂದ ಕಿತ್ತಳೆ ಬಣ್ಣಕ್ಕೆ ಮಿನುಗುತ್ತಿದ್ದ ಕಾರ್ಡಿನ ದೀಪ ಒಂದು ಕ್ಷಣ ಆರಿ, ಹಸಿರಾಯಿತು. ಇಥ್‌ಟೂಲ್ 1000 ಅಂದಿತು. ಐಪರ್ಫ್ 941.

ಮೂವರೂ ಸ್ವಲ್ಪ ಹೊತ್ತು ಆ ಹಸಿರು ದೀಪವನ್ನೇ ನೋಡುತ್ತಾ ನಿಂತೆವು. ಹೆಂಡತಿ ಏನೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಚೆನ್ನಾಗಿತ್ತು.

ಆಮೇಲೆ ಪೋಸ್ಟ್‌ಮಾರ್ಟಂ. ನೆಟ್‌ವರ್ಕ್ ವೈರಿನೊಳಗೆ ಎಂಟು ಎಳೆ, ಅಂದರೆ ನಾಲ್ಕು ಜೋಡಿ. 100ರ ವೇಗಕ್ಕೆ ಎರಡೇ ಜೋಡಿ ಸಾಕು, 1, 2, 3, 6ನೇ ಪಿನ್ನು. 1000ಕ್ಕೆ ನಾಲ್ಕೂ ಜೋಡಿ ಬೇಕು. ನನ್ನ ಕೈಯಾರೆ ಮಾಡಿದ ವೈರಿನ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದರೆ, ಎಂಟನೆಯ ಕಂದು ಎಳೆ ಒಂದು ಕೂದಲೆಳೆಯಷ್ಟು ಹಿಂದೆಯೇ ನಿಂತುಬಿಟ್ಟಿತ್ತು. ಇಷ್ಟು ದಿನ ಅಲ್ಪಸ್ವಲ್ಪ ತಾಗುತ್ತಿತ್ತೋ ಏನೋ, ಹಿಂದೆ ಯಾವಾಗಲೋ ಬೀರು ಸರಿಸಿದಾಗ ಜಗ್ಗಿ ಅದೂ ಹೋಗಿರಬೇಕು. ಮಜಾ ಏನೆಂದರೆ, ಎರಡು ತುದಿಯ ಮಾತುಕತೆ ನಡೆಯುವುದು ಚೆನ್ನಾಗಿರುವ ಆ ಜೋಡಿಗಳ ಮೇಲೆಯೇ. ಅಲ್ಲಿ ಇಬ್ಬರೂ 1000 ಅಂತ ಜಂಬದಿಂದ ಒಪ್ಪಿಕೊಳ್ಳುತ್ತಾರೆ. ಕೆಲಸಕ್ಕೆ ಇಳಿದಾಗ ಒಂದು ಜೋಡಿ ಕೈಕೊಡುತ್ತದೆ. ಒಂದೆರಡು ಸಲ ಪ್ರಯತ್ನಿಸಿ, ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತಾರೆ. ವೈರು ಪೂರ್ತಿ ಸತ್ತಿದ್ದರೆ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು.

ಸದ್ದಿಲ್ಲದೆ ಅಂದೆ, ಅದು ಸುಳ್ಳು. ಲಾಗ್ ಮತ್ತೆ ತೆಗೆದು ನೋಡಿದೆ. ಶನಿವಾರ ಬೆಳಿಗ್ಗೆಯೇ ಒಂದು ಸಾಲು ಬರೆದಿತ್ತು. ಒಪ್ಪಿಕೊಂಡ ಗಿಗಾಬಿಟ್ ವೇಗದಿಂದ 100ಕ್ಕೆ ಇಳಿಯಬೇಕಾಯಿತು, ಕೇಬಲ್ ನೋಡಿ ಅಂತ. ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ ಬೇರೆ. ಪಾಪ, ಯಂತ್ರಕ್ಕೂ ಅಷ್ಟು ಕಳಕಳಿ. ಆದರೆ ಆ ಸಾಲು ಕೆಂಪಗಿರಲಿಲ್ಲ.

“ಸರಿ, ಹಾಗಾದ್ರೆ ಡಬ್ಬದ ವೈರಿಗೆ ಏನಾಗಿತ್ತು?” ಅಂದಳು ಹೆಂಡತಿ.

ಅದನ್ನೂ ಬೆಳಕಿಗೆ ಹಿಡಿದೆ. ಪ್ಲಗ್ಗಿನೊಳಗೆ ಎಂಟು ಎಳೆ ಇರಬೇಕಾದಲ್ಲಿ ಇದ್ದದ್ದೇ ನಾಲ್ಕು. ಉಳಿದ ನಾಲ್ಕು ಪಿನ್ನು ಖಾಲಿ. 100 ಅನ್ನುವುದೇ ಮಹಾವೇಗವಾಗಿದ್ದ ಕಾಲದ ವೈರದು. ಯಾವ ದೇವರು ಬಂದರೂ ಅದರಲ್ಲಿ ಗಿಗಾಬಿಟ್ ಬರುವುದಿಲ್ಲ. ಕಳ್ಳನ ಮೇಲೆ ಸಾಕ್ಷಿ ಹೇಳಲು ಅವನ ಅಣ್ಣನನ್ನೇ ಕರೆತಂದಿದ್ದೆ.

“ಇದನ್ನ ಯಾಕೆ ಇಟ್ಕೊಂಡಿದ್ದೀವಿ ನಾವು?” ಅಂದೆ ಸಿಟ್ಟಿನಿಂದ. “ಅದೂ ಯಾರೋ ಗಂಟು ಬೇರೆ ಹಾಕಿಟ್ಟಿದ್ರು.”

ಹೆಂಡತಿ ನನ್ನನ್ನೇ ನೋಡಿದಳು. “ನೀವೇರೀ ಹಾಕಿದ್ದು. ಎರಡು ವರ್ಷದ ಹಿಂದೆ. ಟಿವಿ ನಿಂತು ನಿಂತು ಬರ್ತಿದೆ ಅಂತ ಮೂರು ದಿನ ಒದ್ದಾಡಿ, ಕೊನೆಗೆ ಈ ವೈರಿಂದು ಅಂತ ಕಂಡುಹಿಡಿದ್ರಲ್ಲ. ಇನ್ಮೇಲೆ ಕೆಟ್ಟ ವೈರಿಗೆಲ್ಲ ಗಂಟು ಹಾಕಿಡ್ತೀನಿ, ಆಗ ಯಾರೂ ಮೋಸ ಹೋಗಲ್ಲ ಅಂದ್ರಿ.”

ಎರಡು ವೈರುಗಳನ್ನೂ ಸುತ್ತಿ ಡಬ್ಬಕ್ಕೆ ಹಾಕಿದೆ. ಬಿಸಾಡಪ್ಪ ಅಂದಳು ಮಗಳು. ಒಂದರಲ್ಲಿ ಏಳು ಎಳೆ ಚೆನ್ನಾಗಿವೆ, ಇನ್ನೊಂದರಲ್ಲಿ ನಾಲ್ಕಕ್ಕೆ ನಾಲ್ಕೂ ಚೆನ್ನಾಗಿವೆ, ಹೇಗೆ ಬಿಸಾಡೋದು?

ಈ ಸಲ ಎರಡೆರಡು ಗಂಟು ಹಾಕಿದ್ದೇನೆ.